ಲೆಕ್ಚರ್ ಅರ್ಥ ಆಯ್ತು, ಜಾಝ್ ಮಾತ್ರ ಆಗ್ಲಿಲ್ಲ: ಎಲ್ಲಿ ದಾರಿ ತಪ್ಪತ್ತೆ?

ಪ್ರಶ್ನೆ: ನಾನು ತುಂಬಾ ವರ್ಷದಿಂದ ಕರ್ನಾಟಕ ಸಂಗೀತ ಕೇಳೋಳು, ತಾಳ ಹಾಕೋಕೆ ಬರತ್ತೆ, ಹಾಡೋದು ಅಷ್ಟಕ್ಕಷ್ಟೇ. ಲೆನರ್ಡ್ ಬರ್ನ್‌ಸ್ಟೈನ್ 1956ರಲ್ಲಿ ಎಲ್‌ಪಿ ರೆಕಾರ್ಡ್ ಮೇಲೆ ಕೊಟ್ಟಿರೋ "ಜಾಝ್ ಅಂದ್ರೇನು" ಅನ್ನೋ ಲೆಕ್ಚರ್ ಮಗ ಕೇಳಿಸಿದ. ಒಂದೊಂದೂ ಅರ್ಥ ಆಯ್ತು, ಖುಷಿನೂ ಆಯ್ತು. ಆದ್ರೆ ಆಮೇಲೆ ನಿಜವಾದ ಜಾಝ್ ಹಾಕಿದ್ರೆ ಎರಡೇ ನಿಮಿಷಕ್ಕೆ ದಾರಿ ತಪ್ಪತ್ತೆ, ಯಾರು ಏನ್ ಮಾಡ್ತಿದಾರೆ ಅಂತಾನೇ ಗೊತ್ತಾಗಲ್ಲ. ಇದು ನಮ್ಮ ಮನೋಧರ್ಮದ (ಕೂತಲ್ಲೇ ಹೊಸದಾಗಿ ಕಟ್ಟಿ ಹಾಡೋದು) ಥರಾನೇನಾ? ಅಷ್ಟು ಹಳೇ ಲೆಕ್ಚರ್‌ನ ನಂಬ್ಕೊಂಡು ಹೋಗ್ಬಹುದಾ? ಇನ್ನೊಂದು, ಮುಂದಿನ ತಿಂಗಳು ಒಂದು ಜಾಝ್ ಕಛೇರಿಗೆ ಹೋಗ್ತಿದೀವಿ, ಚಪ್ಪಾಳೆ ಯಾವಾಗ ತಟ್ಬೇಕು?

ಉತ್ತರ: ನೀವು ದಾರಿ ತಪ್ಪೋ ಜಾಗ ಯಾವುದು ಅಂತ ನಾನು ಹೇಳ್ತೀನಿ ನೋಡಿ. ಶುರುವಲ್ಲಿ ಎಲ್ರೂ ಸೇರಿ ಒಂದು ಟ್ಯೂನ್ ನುಡಿಸ್ತಾರೆ, ಅದಕ್ಕೆ ಜಾಝ್‌ನೋರು ಹೆಡ್ ಅಂತಾರೆ, ಅದು ಹಿತವಾಗೇ ಇರತ್ತೆ, ಅದು ಮುಗಿದ ತಕ್ಷಣ ಒಬ್ಬ ಟ್ರಂಪೆಟ್‌ನೋನೋ ಸ್ಯಾಕ್ಸೊಫೋನ್‌ನೋನೋ ಮುಂದೆ ಬಂದು ಸೋಲೋ ಶುರು ಮಾಡ್ತಾನೆ, ಅಲ್ಲಿ ನಿಮಗೆ "ಹಾಡು ಮುಗೀತು, ಈಗ ಇವನು ಮನಸ್ಸಿಗೆ ಬಂದಿದ್ದು ಊದ್ತಿದಾನೆ" ಅನ್ಸತ್ತೆ. ಹಾಡು ಮುಗಿದಿಲ್ಲ. ಅದೇ ಹಾಡು, ಅದೇ ಉದ್ದ, ಅದೇ ಕಾರ್ಡ್‌ಗಳು (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಕೆಳಗೆ ಮೊದಲಿಂದ ಮತ್ತೆ ಶುರುವಾಗಿದೆ, ಮೇಲಿನ ಟ್ಯೂನ್ ಮಾತ್ರ ತೆಗೆದಿದಾರೆ. ಹೀಗೆ ಒಂದು ಸುತ್ತು ಹೋದ್ರೆ ಅದು ಒಂದು ಕೋರಸ್. ಸೋಲೋ ಅಂದ್ರೆ ಎರಡು ಕೋರಸ್, ನಾಲ್ಕು ಕೋರಸ್, ಕೆಲವರು ನಿಲ್ಸೋದೇ ಇಲ್ಲ. ಈ ಸುತ್ತನ್ನ ಮನಸ್ಸಲ್ಲಿ ಹಿಡ್ಕೊಂಡು ಕೂತ್ರೆ ಜಾಝ್‌ನ ಮುಕ್ಕಾಲು ಭಾಗ ಬಿಡಿಸ್ಕೊಳತ್ತೆ, ಮತ್ತೆ ತಾಳ ಹಾಕಿ ಅಭ್ಯಾಸ ಇರೋ ನಿಮಗೆ ಇದು ಬೇರೆಯೋರಿಗಿಂತ ಸುಲಭ.

ಲೆಕ್ಚರ್ ವಿಷಯಕ್ಕೆ ಬರೋಣ. ಅದು ಮೊದಲು ರೆಕಾರ್ಡೇ ಅಲ್ಲ, 1955ರ ಅಕ್ಟೋಬರ್‌ನಲ್ಲಿ ಅಮೆರಿಕದ ಆಮ್ನಿಬಸ್ ಅನ್ನೋ ಟಿವಿ ಕಾರ್ಯಕ್ರಮದಲ್ಲಿ ಬರ್ನ್‌ಸ್ಟೈನ್ ಕೊಟ್ಟಿದ್ದು, ಮುಂದಿನ ವರ್ಷ ಕೊಲಂಬಿಯಾ ಕಂಪನಿ ಅದನ್ನ ಎಲ್‌ಪಿಗೆ ಹೊಂದಿಸಿ ತಂತು. ಆತ ಸಿಂಫನಿ ಆರ್ಕೆಸ್ಟ್ರಾ ಕಂಡಕ್ಟರ್, ಜಾಝ್ ಕಲಾವಿದ ಅಲ್ಲ, ಆದ್ರೆ ಪಿಯಾನೋ ಮುಂದೆ ಕೂತು ಮಾತಾಡ್ತಾ ಮಾತಾಡ್ತಾ ನುಡಿಸಿ ತೋರ್ಸೋದ್ರಲ್ಲಿ ಆತನ್ನ ಮೀರಿಸೋರು ಕಮ್ಮಿ. ಶುರುವಲ್ಲೇ ಚರಿತ್ರೆ ಪಕ್ಕಕ್ಕಿಟ್ಟು ಸಂಗೀತದ ಒಳಗೇನಿದೆ ನೋಡೋಣ ಅಂತ ಹೊರಡ್ತಾನೆ. ಆ ಲೆಕ್ಚರ್‌ನಲ್ಲಿ ನಿಮಗೆ ನೆನಪಿರೋ ಭಾಗ ಶೇಕ್ಸ್‌ಪಿಯರ್‌ದೇ ಇರ್ಬೇಕು, ಮ್ಯಾಕ್‌ಬೆತ್ ನಾಟಕದ ಎರಡು ಸಾಲು ತಗೊಂಡು ಅದನ್ನ ಬ್ಲೂಸ್ (ಅಮೆರಿಕದ ಕಪ್ಪು ಜನರ ಒಂದು ಹಾಡಿನ ರೀತಿ) ಆಗಿ ಹಾಡಿ ತೋರ್ಸೋದು. ನಗು ಬರತ್ತೆ, ಆದ್ರೆ ತಮಾಷೆಗೆ ಮಾಡಿದ್ದಲ್ಲ. ಬ್ಲೂಸ್ ಪದ್ಯ ಅಂದ್ರೆ ಪ್ರಾಸ ಇರೋ ಎರಡು ಸಾಲು, ಮೊದಲನೇದನ್ನ ಎರಡು ಸಲ ಹೇಳಿದ್ರೆ ಮೂರಾಗತ್ತೆ, ಅಷ್ಟೇ ಅದರ ಕಟ್ಟು, ಅದಕ್ಕೆ ಯಾವ ಭಾಷೆ ಹಾಕಿದ್ರೂ ಕೂರತ್ತೆ ಅಂತ ತೋರ್ಸಿದ್ದು. ಕನ್ನಡದಲ್ಲಿ ಬೇಕಾದ್ರೆ ಈಗಲೇ ಒಂದು ಮಾಡೋಣ:

ಬಸ್ಸಿಗಂತ ಕಾಯ್ತಾ ಕೂತೆ, ಬಸ್ಸು ಬರ್ಲೇ ಇಲ್ಲ
ಅಯ್ಯೋ, ಬಸ್ಸಿಗಂತ ಕಾಯ್ತಾ ಕೂತೆ, ಬಸ್ಸು ಬರ್ಲೇ ಇಲ್ಲ
ಬಂದಿದ್ ಒಂದು ಡಿಪೋ ಗಾಡಿ, ಹತ್ಸಿಕೊಳ್ಳೋದಿಲ್ಲ

ಮೊದಲ ಸಾಲಲ್ಲಿ ಗೋಳು, ಎರಡನೇ ಸಾಲಲ್ಲಿ ಅದೇ ಗೋಳು, ಕೇಳೋನಿಗೆ ಮುಂದೇನು ಅಂತ ಕುತೂಹಲ, ಮೂರನೇದ್ರಲ್ಲಿ ಏಟು. ಇದನ್ನ ತಾಳಕ್ಕೆ ಹಾಕಿ. ಜಾಝ್‌ನಲ್ಲಿ ನಾಲ್ಕು ಎಣಿಕೆಗೆ ಒಂದು ಬಾರ್, ಒಂದೊಂದು ಸಾಲಿಗೆ ನಾಲ್ಕು ಬಾರ್, ಒಟ್ಟು 12. ನಿಮ್ಮ ಲೆಕ್ಕದಲ್ಲಿ ಆದಿತಾಳದ ಆರು ಆವರ್ತ (ಎಂಟು ಎಣಿಕೆಗೆ ಒಂದು ಸುತ್ತು), ಸಾಲಿಗೆ ಎರಡೆರಡು. ಹಾಡೋನು ಒಂದಾವರ್ತಕ್ಕಿಂತ ಚೂರು ಜಾಸ್ತಿ ಹಾಡಿ ಬಾಯಿ ಮುಚ್ತಾನೆ, ಉಳಿದಿದ್ದನ್ನ ಟ್ರಂಪೆಟ್ಟೋ ಪಿಯಾನೋನೋ ಉತ್ತರ ಕೊಟ್ಟು ತುಂಬತ್ತೆ. ಇದೇ ಖಾಲಿ ಜಾಗದಲ್ಲಿ ಸೋಲೋ ಅನ್ನೋದು ಬೆಳೀತು ಅಂತ ಬರ್ನ್‌ಸ್ಟೈನ್ ಸೂಚಿಸೋದು ನನಗೆ ಸರಿ ಅನ್ಸತ್ತೆ.

ಕೆಳಗೆ ಕಾರ್ಡ್ ಹೇಗೆ ಹೋಗತ್ತೆ ಅಂದ್ರೆ, ಮನೇಲಿ ಹಾರ್ಮೋನಿಯಂ ಇದ್ರೆ ಶಂಕರಾಭರಣದ ಸ್ವರಗಳಲ್ಲಿ ಸ-ಗ-ಪ ಮೂರೂ ಒಟ್ಟಿಗೆ ಒತ್ತಿ ಎರಡಾವರ್ತ ಹಿಡೀರಿ, ಅದು ಮೊದಲ ಸಾಲು. ಎರಡನೇ ಸಾಲಿಗೆ ಮ-ದ-ಸ ಒಂದಾವರ್ತ, ವಾಪಸ್ ಸ-ಗ-ಪ ಒಂದಾವರ್ತ. ಮೂರನೇ ಸಾಲಿಗೆ ಪ-ನಿ-ರಿ ಒಂದಾವರ್ತ (ಬಹಳ ಸಲ ಅದರ ದ್ವಿತೀಯಾರ್ಧದಲ್ಲಿ ಮ-ದ-ಸಕ್ಕೆ ಜಾರ್ತಾರೆ), ಕೊನೇ ಆವರ್ತ ಮನೆಗೆ, ಸ-ಗ-ಪ. ಕಲಾವಿದರು ಇದರೊಳಗೆ ಇನ್ನೂ ಹತ್ತು ಕಾರ್ಡ್ ತುರುಕ್ತಾರೆ, ಅದು ಅವರ ಚಪಲ, ಆದ್ರೆ ಉದ್ದ ಆರಾವರ್ತವೇ. ಈ ಸುತ್ತನ್ನ ಕೈಯಲ್ಲಿ ಒತ್ತಿ ಒತ್ತಿ ಕಿವಿಗೆ ಹಾಕ್ಕೊಳ್ಳಿ, ಇದೊಂದಕ್ಕೆ ನೀವು ಸಮಯ ಕೊಟ್ರೆ ಸಾಕು.

ಈಗ ನಿಮ್ಮಂಥ ಕಿವಿಗೆ ಮಾತ್ರ ಆಗೋ ಒಂದು ತೊಂದರೆ. ಕಾರ್ಡ್‌ನಲ್ಲಿ ಅಂತರ ಗಾಂಧಾರ (ಮೇಲಿನ ಗ) ಕೂತಿದೆ ಅಲ್ವಾ, ಹಾಡೋರು ಅದೇ ಹೊತ್ತಿಗೆ ಅದರ ಮೇಲೆ ಸಾಧಾರಣ ಗಾಂಧಾರ (ಕೆಳಗಿನ ಗ) ಹಾಡ್ತಾರೆ. ನಮ್ಮ ಲೆಕ್ಕದಲ್ಲಿ ಇದು ಶುದ್ಧ ಅಪಸ್ವರ, ಪಕ್ಕದಲ್ಲಿ ಗುರುಗಳು ಕೂತಿದ್ರೆ ತೊಡೆ ಮೇಲೆ ಬೀಳತ್ತೆ. ಬ್ಲೂಸ್ ಇರೋದೇ ಅಲ್ಲಿ. ಬ್ಲೂ ನೋಟ್ ಅಂತ ಬರ್ನ್‌ಸ್ಟೈನ್ ಹೇಳೋದು ಇದನ್ನೇ, ಗಾಂಧಾರ, ಪಂಚಮ, ನಿಷಾದ ಈ ಮೂರು ಸ್ವಲ್ಪ ಇಳಿದಿರತ್ತೆ, ಅದೂ ಎಷ್ಟು ಇಳಿದಿರತ್ತೆ ಅಂದ್ರೆ ಪಿಯಾನೋ ಮನೆಗೆ ಸಿಗಲ್ಲ, ಎರಡು ಗಾಂಧಾರಗಳ ನಡುವೆ ಎಲ್ಲೋ. ಅದಕ್ಕೇ ಪಿಯಾನೋದೋರು ಎರಡೂ ಗಾಂಧಾರ ಒಟ್ಟಿಗೆ ಒತ್ತಿ ನಡುವಿಂದು ಕೇಳ್ಸೋ ಹಾಗೆ ಮಾಡ್ತಾರೆ. ಗಾಯಕರಿಗೆ ಆ ಕಷ್ಟ ಇಲ್ಲ, ಗಮಕ ಕೇಳಿ ಬೆಳೆದ ನಿಮಗೂ ಇಲ್ಲ. ಬೆಸ್ಸಿ ಸ್ಮಿತ್ 1925ರ ಜನವರಿಯಲ್ಲಿ ಹಾಡಿದ ಸೇಂಟ್ ಲೂಯಿಸ್ ಬ್ಲೂಸ್ ಹಾಕಿ ಕೇಳಿ. ಡ್ರಮ್ ಇಲ್ಲ, ಬಾಸ್ (ದಪ್ಪ ದನಿಯ ದೊಡ್ಡ ತಂತಿವಾದ್ಯ) ಇಲ್ಲ, ಆಯಮ್ಮನ ಗಂಟಲು, ಹಿಂದೆ ಒಂದು ಹಾರ್ಮೋನಿಯಂ (ಹೌದು, ಕಾಲಲ್ಲಿ ತುಳಿಯೋ ಹಾರ್ಮೋನಿಯಮ್ಮೇ, ಫ್ರೆಡ್ ಲಾಂಗ್‌ಶಾ ನುಡಿಸಿದ್ದು), ಮತ್ತೆ ಆಗಿನ್ನೂ 23 ವರ್ಷದ ಲೂಯಿ ಆರ್ಮ್‌ಸ್ಟ್ರಾಂಗ್‌ನ ಕಾರ್ನೆಟ್ (ಟ್ರಂಪೆಟ್ ಥರದ ವಾದ್ಯ). ಆಕೆ ಒಂದು ಸಾಲು ಹಾಡಿ ನಿಲ್ಸ್ತಾಳೆ, ಇವನು ಉತ್ತರ ಕೊಡ್ತಾನೆ, ಒಂದು ಉತ್ತರದ ಹಾಗೆ ಇನ್ನೊಂದಿಲ್ಲ. ಮೊದಲ ಪದ್ಯಕ್ಕೆ ಆರಾವರ್ತ ಹಾಕಿ, ಸರಿಯಾಗಿ ಬಂದು ಕೂರತ್ತೆ. ಮಧ್ಯದಲ್ಲಿ ಒಂದು ಭಾಗ ಮಾತ್ರ 16 ಬಾರ್‌ದು ಇದೆ, ಅಲ್ಲಿ ಗಾಬರಿಯಾಗ್ಬೇಡಿ.

ಅದಾದ ಮೇಲೆ ಅದೇ ಆರ್ಮ್‌ಸ್ಟ್ರಾಂಗ್ 1928ರ ಜೂನ್‌ನಲ್ಲಿ ಶಿಕಾಗೋದಲ್ಲಿ ಮಾಡಿದ ವೆಸ್ಟ್ ಎಂಡ್ ಬ್ಲೂಸ್. ಇದು ಮೂರು ನಿಮಿಷದ ಮೇಲೆ ಚೂರು, ಆ ಕಾಲದ ಪ್ಲೇಟಿನಲ್ಲಿ ಅಷ್ಟೇ ಹಿಡಿಸ್ತಾ ಇದ್ದಿದ್ದು. ಮೊದಲು ತಾಳವೇ ಇಲ್ದೆ ಒಬ್ಬನೇ ಹತ್ತು ಹನ್ನೆರಡು ಸೆಕೆಂಡು ಊದ್ತಾನೆ, ಆಲಾಪನೆ ಅಂದ್ಕೊಳ್ಳಿ ಬೇಕಾದ್ರೆ. ಆಮೇಲೆ ತಾಳ ಶುರು, ಅಲ್ಲಿಂದ ಆರಾರು ಆವರ್ತದ ಐದು ಸುತ್ತು: ಟ್ರಂಪೆಟ್, ಟ್ರಾಂಬೋನ್, ಕ್ಲಾರಿನೆಟ್ ಜೊತೆ ಆರ್ಮ್‌ಸ್ಟ್ರಾಂಗ್ ಮಾತಿಲ್ಲದೆ ಬರೀ ಸದ್ದಲ್ಲಿ ಹಾಡೋದು, ಅರ್ಲ್ ಹೈನ್ಸ್‌ನ ಪಿಯಾನೋ, ಮತ್ತೆ ಟ್ರಂಪೆಟ್. ಕೊನೇ ಸುತ್ತಿನ ಶುರುವಲ್ಲಿ ಒಂದೇ ತಾರಸ್ವರ ಹಿಡ್ಕೊಂಡು ಹತ್ತಿರ ಹತ್ತಿರ ನಾಲ್ಕು ಬಾರ್ ನಿಲ್ತಾನೆ, ಅಂದ್ರೆ ಪೂರ್ತಿ ಮೊದಲ ಸಾಲು ಒಂದೇ ಸ್ವರ. ತಾಳ ಹಾಕದೆ ಕೇಳಿದ್ರೆ "ಉಸಿರು ಚೆನ್ನಾಗಿದೆ" ಅನ್ಸತ್ತೆ, ತಾಳ ಹಾಕ್ಕೊಂಡು ಕೇಳಿದ್ರೆ ಅವನು ಇಡೀ ಸಾಲನ್ನ ನುಂಗ್ದ ಅಂತ ಗೊತ್ತಾಗತ್ತೆ. ನಾನು ಹೇಳ್ತಿರೋ ವ್ಯತ್ಯಾಸ ಇಷ್ಟೇ.

ಬ್ಲೂಸ್ ಆಯ್ತು, ಇನ್ನೊಂದು ಅಚ್ಚು 32 ಬಾರ್‌ದು. ಲೆಕ್ಚರ್‌ನಲ್ಲಿ ಸ್ವೀಟ್ ಸೂ ಅನ್ನೋ 1928ರ ಜನಪ್ರಿಯ ಹಾಡೊಂದನ್ನ ಇಟ್ಕೊಂಡು ಬರ್ನ್‌ಸ್ಟೈನ್ ಬೇರೆ ಬೇರೆ ಶೈಲೀಲಿ ಕೇಳಿಸ್ತಾನಲ್ಲ, ಆ ಹಾಡಿನ ಕಟ್ಟೇ ಇದು. ಎಂಟು ಬಾರ್ ಒಂದು ಟ್ಯೂನ್, ಅದೇ ಮತ್ತೊಂದ್ಸಲ, ನಡುವೆ ಎಂಟು ಬಾರ್ ಬೇರೆ (ಬ್ರಿಜ್ ಅಂತಾರೆ), ಕೊನೆಗೆ ಮೊದಲಿನದೇ ಎಂಟು. ಆದಿತಾಳದಲ್ಲಿ ನಾಲ್ಕು ನಾಲ್ಕು ನಾಲ್ಕು ನಾಲ್ಕು, ಹದಿನಾರು ಆವರ್ತ. ಜಾಝ್‌ನೋರು ನುಡಿಸೋ ಹಳೇ ಸಿನಿಮಾ-ನಾಟಕದ ಹಾಡುಗಳಲ್ಲಿ ಲೆಕ್ಕವಿಲ್ಲದಷ್ಟು ಇದೇ ಅಳತೇಲಿವೆ. ಲೆಕ್ಚರ್‌ನ ಈ ರೆಕಾರ್ಡಿಗೆ ಅಂತಾನೇ ಟ್ರಂಪೆಟ್ ಕಲಾವಿದ ಮೈಲ್ಸ್ ಡೇವಿಸ್ ತನ್ನ ತಂಡ ಕಟ್ಕೊಂಡು 1956ರ ಸೆಪ್ಟೆಂಬರ್‌ನಲ್ಲಿ ಸ್ವೀಟ್ ಸೂ ನುಡಿಸಿದಾನೆ, ಜಾನ್ ಕಾಲ್ಟ್ರೇನ್ ಸ್ಯಾಕ್ಸೊಫೋನ್‌ನಲ್ಲಿದಾನೆ, ಬಹಳ ಜನ ಇದನ್ನ ಬರೀ ಉದಾಹರಣೆ ಅಂತ ಹಾರಿಸಿಬಿಡ್ತಾರೆ. ಹಾರಿಸ್ಬೇಡಿ. ಬರ್ನ್‌ಸ್ಟೈನ್ ಮೊದಲು ಸರಳವಾಗಿ ನುಡಿಸಿದ ಟ್ಯೂನನ್ನ ಬಾಯಿಪಾಠ ಮಾಡ್ಕೊಳ್ಳಿ, ಆಮೇಲೆ ಮೈಲ್ಸ್ ಸೋಲೋ ನುಡಿಸುವಾಗ ನೀವು ಮನಸ್ಸಲ್ಲಿ ಅದೇ ಹಳೇ ಟ್ಯೂನ್ ಹಾಡ್ತಾ ಇರಿ, ಎಲ್ಲೂ ಬಿಡದೆ. ಮೊದಲು ಎಡವತ್ತೆ, ಬ್ರಿಜ್ ಬರುವಾಗ ತಪ್ಪತ್ತೆ, ಮತ್ತೆ ಹಿಂದಕ್ಕೆ ಹೋಗಿ. ಒಮ್ಮೆ ಹಿಡೀತು ಅಂದ್ರೆ ಅವನು ಎಲ್ಲಿ ಟ್ಯೂನ್ ಹತ್ರ ಬರ್ತಾನೆ, ಎಲ್ಲಿ ಬೇಕಂತ ದೂರ ಹೋಗ್ತಾನೆ, ಎಲ್ಲಿ ಸುಮ್ನೆ ಇರ್ತಾನೆ (ಮೈಲ್ಸ್ ಸುಮ್ನೆ ಇರೋದ್ರಲ್ಲೇ ದೊಡ್ಡೋನು) ಎಲ್ಲ ಕೇಳತ್ತೆ.

ಮನೋಧರ್ಮದ ಪ್ರಶ್ನೆಗೆ ನನ್ನ ಉತ್ತರ: ಹೌದು, ಆದ್ರೆ ನೀವಂದ್ಕೊಂಡ ಕಡೆ ಅಲ್ಲ. ಎಲ್ರೂ ಜಾಝ್ ಸೋಲೋನ ರಾಗ ಆಲಾಪನೆಗೆ ಹೋಲಿಸ್ತಾರೆ, ನನಗದು ಒಪ್ಪಿಗೆ ಇಲ್ಲ. ಹತ್ತಿರ ಇರೋದು ನೆರವಲ್. ಅಲ್ಲಿ ಸಾಹಿತ್ಯದ ಒಂದು ಸಾಲು, ಅದರ ತಾಳದ ಜಾಗ ಭದ್ರ, ಆ ಚೌಕಟ್ಟೊಳಗೆ ಸುತ್ತು ಸುತ್ತಿಗೂ ಹೊಸದು ಕಟ್ತಾರೆ, ಕೇಳೋರಿಗೆ ಮೂಲ ಸಾಲು ಗೊತ್ತಿರತ್ತೆ ಅನ್ನೋ ಭರವಸೆ ಮೇಲೆ. ಇಲ್ಲೂ ಅದೇ. ವ್ಯತ್ಯಾಸ ಏನಂದ್ರೆ ನಮ್ಮಲ್ಲಿ ತಂಬೂರಿ ಒಂದೇ ಕಡೆ ನಿಂತಿರತ್ತೆ, ರಾಗ ಒಂದೇ ಇರತ್ತೆ, ಜಾಝ್‌ನಲ್ಲಿ ಕಾಲ ಕೆಳಗಿನ ನೆಲ ಎರಡೆರಡು ಬಾರ್‌ಗೆ, ಕೆಲವು ಸಲ ಒಂದೊಂದು ಬಾರ್‌ಗೂ ಬದಲಾಗ್ತಾ ಇರತ್ತೆ. ಇದೇ ಸ್ವರ ಈ ಕಾರ್ಡ್ ಮೇಲೆ ಹಿತ, ಮುಂದಿನ ಕಾರ್ಡ್ ಮೇಲೆ ಚುಚ್ಚತ್ತೆ. ಆ ಬದಲಾವಣೆಗಳಿಗೆ ಅವರು ಚೇಂಜಸ್ ಅಂತಾರೆ, ಅದರ ಮೇಲೆ ಸರಾಗವಾಗಿ ನುಡಿಸೋದೇ ವಿದ್ವತ್ತು. ಸ್ಯಾಕ್ಸೊಫೋನ್ ಕಲಾವಿದ ಕಾಲ್‌ಮನ್ ಹಾಕಿನ್ಸ್ 1939ರಲ್ಲಿ ಬಾಡಿ ಆ್ಯಂಡ್ ಸೋಲ್ ಅನ್ನೋ ಹಾಡನ್ನ ರೆಕಾರ್ಡ್ ಮಾಡಿದಾಗ ಮೂಲ ಟ್ಯೂನನ್ನ ಶುರುವಲ್ಲಿ ಚೂರು ಸೋಕಿಸಿ ಬಿಟ್ಟ, ಉಳಿದಿದ್ದು ಪೂರ್ತಿ ಎರಡು ಕೋರಸ್ ಚೇಂಜಸ್ ಮೇಲೇ, ಆದ್ರೂ ಜನ ಮುಗಿಬಿದ್ದು ಕೊಂಡ್ರು.

ಚೇಂಜಸ್ ಇಷ್ಟೊಂದು ತಲೆ ತಿನ್ನತ್ತೆ ಅನ್ಸಿದ್ರೆ ನಿಮಗೆ ಹೇಳಿ ಮಾಡ್ಸಿದ ಹಾಗಿರೋದು ಒಂದಿದೆ. ಮೈಲ್ಸ್ ಡೇವಿಸ್ 1959ರ ಮಾರ್ಚ್ ಮತ್ತೆ ಏಪ್ರಿಲ್‌ನಲ್ಲಿ ಮಾಡಿದ ಕೈಂಡ್ ಆಫ್ ಬ್ಲೂ ಆಲ್ಬಮ್ಮಿನ ಮೊದಲನೇದು, ಸೋ ವಾಟ್. 32 ಬಾರೇ, ಆದ್ರೆ ಮೊದಲ ಎಂಟೆಂಟು ಪೂರ್ತಿ ಒಂದೇ ಸ್ಕೇಲ್, ಡಿ ಡೋರಿಯನ್, ನಮ್ಮ ಖರಹರಪ್ರಿಯದ ಸ್ವರಗಳೇ, ಎರಡು ಮನೆ ಶ್ರುತಿ. ಬ್ರಿಜ್ ಬಂದಾಗ ಅದೇ ಖರಹರಪ್ರಿಯ ಎರಡೂವರೆ ಮನೆಗೆ ಏರತ್ತೆ, ತಂಬೂರಿನೇ ಎತ್ತಿ ಇಟ್ಟ ಹಾಗೆ, ನಾಲ್ಕಾವರ್ತ ಅಲ್ಲಿದ್ದು ಮತ್ತೆ ಎರಡಕ್ಕೆ ಇಳಿಯತ್ತೆ. ಹೆಡ್ ನುಡಿಸೋದು ಬಾಸ್, ಪಾಲ್ ಚೇಂಬರ್ಸ್, ಅವನು ಒಂದು ವಾಕ್ಯ ಹೇಳ್ತಾನೆ, ಉಳಿದೋರು ಎರಡು ಕಾರ್ಡ್‌ನಲ್ಲಿ ಹೂಂಗುಟ್ತಾರೆ. ನಾನು ಬಾಸ್ ನುಡಿಸೋನು, ಅದಕ್ಕೇ ಇದನ್ನ ಹೊಗಳ್ತಿದೀನಿ ಅಂದ್ಕೊಂಡ್ರೂ ಪರವಾಗಿಲ್ಲ. ಸುಮಾರು ಒಂದೂವರೆ ನಿಮಿಷದ ಹೊತ್ತಿಗೆ ಜಿಮ್ಮಿ ಕಾಬ್ ಸಿಂಬಲ್ಲಿಗೆ ಒಂದು ಏಟು ಬಿಡ್ತಾನೆ, ಮೈಲ್ಸ್ ಸೋಲೋ ಅಲ್ಲಿಂದ, ಎರಡು ಕೋರಸ್. ಆಮೇಲೆ ಕಾಲ್ಟ್ರೇನ್ ಎರಡು, ಕ್ಯಾನನ್‌ಬಾಲ್ ಆ್ಯಡರ್ಲಿ ಎರಡು, ಬಿಲ್ ಎವಾನ್ಸ್ ಪಿಯಾನೋದಲ್ಲಿ ಒಂದು. ಹದಿನಾಲ್ಕು ಸೆಕೆಂಡಿಗೊಂದು ಭಾಗ ಬದಲಾಗತ್ತೆ, ಶ್ರುತಿ ಏರೋದು ಇಳಿಯೋದು ಬಾಸ್‌ನಲ್ಲಿ ನಿಚ್ಚಳವಾಗಿ ಕೇಳತ್ತೆ, ತಪ್ಪಿಸ್ಕೊಳ್ಳೋಕೆ ಸಾಧ್ಯಾನೇ ಇಲ್ಲ. ಖರಹರಪ್ರಿಯ ಅಂದೆ ಅಂತ ಅಲ್ಲಿ ಗಾಂಧಾರ, ನಿಷಾದಕ್ಕೆ ಕಂಪಿತ (ಸ್ವರ ತೂಗೋದು) ಹುಡುಕ್ಬೇಡಿ, ಸ್ವರಸ್ಥಾನ ಮಾತ್ರ ಒಂದೇ, ರಾಗಭಾವ ಇಲ್ಲ. ಶ್ರುತಿಪೆಟ್ಟಿಗೆ ಇಟ್ಕೊಂಡು ಕೇಳೋರಾದ್ರೆ ಇನ್ನೊಂದು ಮಾತು, ಮೊದಲ ದಿನ ಸ್ಟುಡಿಯೋದಲ್ಲಿ ಟೇಪ್ ಮೆಷಿನ್ ಒಂದು ನಿಧಾನ ಓಡಿದ್ರಿಂದ ಹಳೇ ಪ್ರತಿಗಳಲ್ಲಿ ಈ ಹಾಡಿನ ಶ್ರುತಿ ಚೂರು ಏರಿರತ್ತೆ, 1990ರ ದಶಕದಲ್ಲಿ ಸರಿ ಮಾಡಿದ್ರು. ನಿಮ್ಮ ಪೆಟ್ಟಿಗೆ ಕೆಟ್ಟಿಲ್ಲ.

ಸ್ವಿಂಗ್ (ಜಾಝ್‌ನ ತೂಗು ನಡೆ) ಬಗ್ಗೆ ಲೆಕ್ಚರ್ ಕೇಳಿ ತಿಳ್ಕೊಳೋದು ಕಷ್ಟ, ಮೈಯಲ್ಲೇ ಬರ್ಬೇಕು. ಎರಡು ವಿಷಯ ಮಾತ್ರ ಹೇಳ್ತೀನಿ. ಒಂದು, ನೀವು ಸಮದ ಮೇಲೆ ಹೊಡೆಯೋ ಅಭ್ಯಾಸ ಬಿಡ್ಬೇಕು, ತಕದಿಮಿಯಲ್ಲಿ ಕ ಮತ್ತೆ ಮಿ ಮೇಲೆ ತಟ್ಟಿ, ಡ್ರಮ್‌ನೋರ ಕಾಲಡಿ ಇರೋ ಹೈ-ಹ್ಯಾಟ್ ಚಿಕ್ ಚಿಕ್ ಅಂತ ಬರೋದು ಅಲ್ಲೇ. ಎರಡು, ಒಂದೊಂದು ಎಣಿಕೆನ ಎರಡು ಭಾಗ ಮಾಡುವಾಗ ಸಮಭಾಗ ಮಾಡಲ್ಲ, ಮೊದಲನೇದು ಉದ್ದ ಎರಡನೇದು ಗಿಡ್ಡ, ತಿಶ್ರ ನಡೆ ಹತ್ರ ಬರತ್ತೆ ಆದ್ರೆ ತಿಶ್ರ ಅಲ್ಲ, ಕಾಲ ಜೋರಾದಷ್ಟೂ ಸಮ ಆಗ್ತಾ ಹೋಗತ್ತೆ. ಲೆಕ್ಕ ಹಾಕೋಕೆ ಹೋಗ್ಬೇಡಿ, ಬಾಸ್ ಹಿಂದೆ ನಡೀರಿ, ಅದು ಎಣಿಕೆಗೊಂದು ಸ್ವರ ಇಡ್ತಾ ಹೋಗತ್ತೆ, ಮಿಕ್ಕೋರೆಲ್ಲ ಅದನ್ನ ನಂಬ್ಕೊಂಡೇ ಆಟ ಆಡೋದು.

ಹಳೇ ಲೆಕ್ಚರ್ ನಂಬ್ಬಹುದಾ ಅಂದ್ರೆ, ಏನು ಹೇಳ್ತಾನೋ ಅದನ್ನ ನಂಬ್ಬಹುದು, ಏನು ಬಿಟ್ಟಿದಾನೆ ಅಂತ ಗೊತ್ತಿರ್ಬೇಕು. ಚರಿತ್ರೆ ಪಕ್ಕಕ್ಕಿಡೋದು ಒಂದು ಟಿವಿ ಕಾರ್ಯಕ್ರಮಕ್ಕೆ ಅನುಕೂಲ, ಆದ್ರೆ ಬ್ಲೂಸ್‌ನ ಬರೀ ಮೂರು ಸಾಲು, ಮೂರು ಕಾರ್ಡ್ ಅಂತ ಕಲ್ತ್ರೆ ಅದನ್ನ ಮಾಡಿದ ಜನ ಕಾಣೋದಿಲ್ಲ. ಗುಲಾಮಗಿರಿಯಲ್ಲಿದ್ದ ಕಪ್ಪು ಜನ ಭಾನುವಾರ ಮಾತ್ರ ಸೇರಿ ಕುಣಿದು ಬಾರಿಸ್ತಿದ್ದ ನ್ಯೂ ಆರ್ಲಿಯನ್ಸ್‌ನ ಕಾಂಗೋ ಸ್ಕ್ವೇರ್‌ನಿಂದ ಈ ಕಥೆ ಶುರು ಮಾಡ್ಬೇಕು. ಸೋ ವಾಟ್ ಇರೋ ಆಲ್ಬಮ್ ಬಿಡುಗಡೆಯಾದ ಮುಂದಿನ ವಾರ, 1959ರ ಆಗಸ್ಟ್‌ನಲ್ಲಿ, ನ್ಯೂಯಾರ್ಕ್‌ನ ಬರ್ಡ್‌ಲ್ಯಾಂಡ್ ಕ್ಲಬ್ಬಿನ ಹೊರಗೆ, ಒಳಗೆ ತನ್ನದೇ ಕಾರ್ಯಕ್ರಮ ನಡೀತಿದ್ದಾಗ ಪುಟ್‌ಪಾತ್ ಮೇಲೆ ನಿಂತಿದ್ದ ಮೈಲ್ಸ್‌ಗೆ ಪೊಲೀಸರು ತಲೆ ಒಡೆಯೋ ಹಾಗೆ ಹೊಡೆದ್ರು. ಬರ್ನ್‌ಸ್ಟೈನ್‌ಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ, 1939ರಲ್ಲಿ ಹಾರ್ವರ್ಡ್‌ನಲ್ಲಿ ಓದುವಾಗ ಆತ ಬರೆದ ಪ್ರಬಂಧವೇ ಅಮೆರಿಕದ ಸಂಗೀತದಲ್ಲಿ ಜನಾಂಗಗಳ ಪಾಲಿನ ಬಗ್ಗೆ. ಆ ಟಿವಿ ಕಾರ್ಯಕ್ರಮದೊಳಗೆ ಅದು ಬರ್ಲಿಲ್ಲ, ಅಷ್ಟೇ. ಇನ್ನೊಂದು, ಲೆಕ್ಚರ್ ಆದ ನಾಲ್ಕೇ ವರ್ಷಕ್ಕೆ ಸ್ಯಾಕ್ಸೊಫೋನ್‌ನ ಆರ್ನೆಟ್ ಕೋಲ್ಮನ್ ಬಂದು ಚೇಂಜಸ್ಸನ್ನೇ ಕಿತ್ತು ಪಕ್ಕಕ್ಕಿಟ್ಟ. ಅವನ ಸಂಗೀತಕ್ಕೆ ನಾನು ಹೇಳಿದ ಆವರ್ತದ ಲೆಕ್ಕ ನಡೆಯಲ್ಲ, ಅದನ್ನ ಒಂದು ವರ್ಷ ಬಿಟ್ಟು ಕೇಳಿ.

ಕರ್ನಾಟಕ ಸಂಗೀತದೋರು ಅಂದ ತಕ್ಷಣ ಯಾರಾದ್ರೂ ನಿಮಗೆ ಫ್ಯೂಷನ್‌ನಿಂದ ಶುರು ಮಾಡಿ ಅಂತಾರೆ. ಬೇಡ ಅಂತೀನಿ ನಾನು. ಅಮೆರಿಕದ ಸ್ಯಾಕ್ಸೊಫೋನ್ ಕಲಾವಿದ ಚಾರ್ಲಿ ಮರಿಯಾನೋ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ, ಆರ್.ಎ. ರಮಾಮಣಿ ಅವರ ಗಾಯನದ ಜೊತೆ 1983ರಲ್ಲಿ ಮಾಡಿದ ಜ್ಯೋತಿ ತುಂಬಾ ಒಳ್ಳೇ ಆಲ್ಬಮ್, ನಮ್ಮ ಕದ್ರಿ ಗೋಪಾಲನಾಥರೂ ಅಮೆರಿಕದ ಜಾಝ್ ಕಲಾವಿದ ರುದ್ರೇಶ್ ಮಹಾಂತಪ್ಪನೂ ಎರಡು ಸ್ಯಾಕ್ಸೊಫೋನ್ ಹಿಡ್ಕೊಂಡು ಕೂತ 2008ರ ಕಿನ್ಸ್‌ಮೆನ್ ಕೂಡ. ಆದ್ರೆ ಅಲ್ಲಿ ನಿಮ್ಮ ಕಿವಿ ಗೊತ್ತಿರೋ ಕಡೆಗೇ ಓಡತ್ತೆ, ಮೃದಂಗ ಕೇಳ್ತಾ ಕೂತ್ಬಿಡ್ತೀರಿ, ಗೊತ್ತಿಲ್ಲದೇ ಇರೋದು ಗೊತ್ತಿಲ್ಲದೆ ಉಳಿಯತ್ತೆ. ಬ್ಲೂಸ್, 32 ಬಾರ್, ಸೋ ವಾಟ್ ಇವು ಮೂರೂ ಕೂತ ಮೇಲೆ ಇವನ್ನ ಹಾಕಿ, ಕದ್ರಿಯವರ ಪಕ್ಕದಲ್ಲಿ ಮಹಾಂತಪ್ಪ ಬೇರೆ ಏನ್ ಯೋಚಿಸ್ತಿದಾನೆ ಅಂತ ಆಗ ಕೇಳತ್ತೆ. ಮತ್ತೆ ಮೊಬೈಲಲ್ಲಿ ಶಫಲ್ ಆಫ್ ಮಾಡಿ ದಯವಿಟ್ಟು, ಒಂದೇ ಹಾಡು ಹತ್ತು ಸಲ ಕೇಳೋದು ಹತ್ತು ಹಾಡು ಒಂದೊಂದ್ಸಲ ಕೇಳೋದಕ್ಕಿಂತ ಮೇಲು.

ಚಪ್ಪಾಳೆ. ಹಾಡು ಪೂರ್ತಿ ಮುಗಿಯೋವರೆಗೆ ಕಾಯ್ಬೇಡಿ, ಒಬ್ಬೊಬ್ಬರ ಸೋಲೋ ಮುಗಿದಾಗಲೂ ತಟ್ತಾರೆ, ಸೋಲೋ ಮುಗಿಯೋದು ಸಾಮಾನ್ಯವಾಗಿ ಕೋರಸ್ ಕೊನೇಲೇ, ಆವರ್ತ ಎಣಿಸ್ತಿದ್ರೆ ಪಕ್ಕದೋರಿಗಿಂತ ಮೊದಲೇ ನಿಮಗೆ ಗೊತ್ತಾಗತ್ತೆ. ಕೊನೆ ಹತ್ರ ಬಂದಾಗ ತಂಡ ನಾಲ್ಕು ಬಾರ್, ಡ್ರಮ್ ಒಬ್ಬನೇ ನಾಲ್ಕು ಬಾರ್ ಅಂತ ಹಂಚ್ಕೊಂಡು ನುಡಿಸ್ಬಹುದು, ತನಿ ಆವರ್ತನದಲ್ಲಿ ಮೃದಂಗ-ಘಟ ಮಾತಾಡ್ಕೊಂಡ ಹಾಗೆ, ಕೊರಪ್ಪಿನ ಥರ ಗಿಡ್ಡ ಆಗ್ತಾ ಹೋಗ್ಬೇಕು ಅಂತೇನಿಲ್ಲ, ಆಗ ಮಧ್ಯೆ ಮಧ್ಯೆ ತಟ್ಬೇಡಿ, ಪೂರ್ತಿ ಆದ್ಮೇಲೆ ತಟ್ಟಿ. ಚೆನ್ನಾಗಿ ನುಡಿಸಿದಾಗ ನಡುವೆ ಭಲೆ ಅನ್ನೋದಕ್ಕೂ ಅಡ್ಡಿ ಇಲ್ಲ. ಬಾಸ್ ಸೋಲೋ ಬಂದಾಗ ಮಾತ್ರ ಎಲ್ರೂ ಕಾಫಿ ಆರ್ಡರ್ ಮಾಡೋಕೆ, ಪಕ್ಕದೋರ ಜೊತೆ ಮಾತಾಡೋಕೆ ಶುರು ಮಾಡ್ತಾರೆ, ಅದೊಂದು ಮಾಡ್ಬೇಡಿ, ಅಲ್ಲೂ ಕೋರಸ್ ಅದೇ ಇರತ್ತೆ, ಎಣಿಸಿ ನೋಡಿ.